ಪದಚರ್ಚೆ: ತಂತ್ರಾಂಶ ಬಿಡುಗಡೆಯ ‘ಫ್ರೀಜ್’ಗೆ ‘ಕಟ್ಟು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ವಿರಾಜಪೇಟೆಯಲ್ಲಿ ಕಾಲೇಜು ಹುಡುಗ ಹುಡುಗಿಯರ ಸಣ್ಣ ಗುಂಪೊಂದಕ್ಕೆ ಜ್ಯಾಂಗೋ ಹೇಳಿಕೊಡುತ್ತಿದ್ದೇನೆ. ಪೈಥಾನ್‌ನಲ್ಲಿ ವೆಬ್ ಆಪ್ ಬರೆಯಲು ಬಳಸುವ ಮುಕ್ತ ತಂತ್ರಾಂಶದ ಫ್ರೇಮ್‌ವರ್ಕ್ ಅದು, 2005ರಿಂದ ಇದೆ. ಅದರ ಹೊಸ ಬಿಡುಗಡೆಯನ್ನು ಹೇಗೆ ಯೋಜಿಸುತ್ತಾರೆ ಅನ್ನುವುದನ್ನು ಅವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಫ್ರೀಜ್’ ಅನ್ನುವಲ್ಲಿಗೆ ಬಂದು ನಿಂತಿದ್ದೇನೆ. ಅದಕ್ಕೆ ನಿಮ್ಮ ಸಹಾಯ ಬೇಕು.

ಮೊದಲು ಆ ಪದ ಅಲ್ಲಿ ಮಾಡುವ ಕೆಲಸ ನೋಡೋಣ. ಜ್ಯಾಂಗೋದಲ್ಲಿ ಸುಮಾರು ಎಂಟು ತಿಂಗಳಿಗೊಂದು ದೊಡ್ಡ ಬಿಡುಗಡೆ ಇರುತ್ತದೆ. ದಿನಾಂಕಗಳನ್ನು ಮೊದಲೇ ಸಾರುತ್ತಾರೆ. 5.0 ಆವೃತ್ತಿಯನ್ನೇ ತೆಗೆದುಕೊಳ್ಳಿ. 2023ರ ಸೆಪ್ಟೆಂಬರ್ 18ಕ್ಕೆ ಆಲ್ಫಾ, ಅಂದರೆ ಮೊದಲ ಪರೀಕ್ಷಾ ಆವೃತ್ತಿ. ಅಂದಿನಿಂದ ಹೊಸ ಸೌಲಭ್ಯ ಸೇರಿಸುವಂತಿಲ್ಲ. ಅಕ್ಟೋಬರ್ 23ಕ್ಕೆ ಬೀಟಾ, ಅಂದರೆ ಮುಂದಿನ ಪರೀಕ್ಷಾ ಆವೃತ್ತಿ. ಆಮೇಲೆ ಬಿಡುಗಡೆಗೇ ಅಡ್ಡಿಯಾಗುವಂಥ ದೋಷಗಳನ್ನು ಬಿಟ್ಟು ಬೇರೆ ದೋಷಗಳ ತಿದ್ದುಪಡಿ ಆ ಆವೃತ್ತಿಗೆ ಇಲ್ಲ. ನವೆಂಬರ್ 20ಕ್ಕೆ ರಿಲೀಸ್ ಕ್ಯಾಂಡಿಡೇಟ್, ಅಂದರೆ ಬಿಡುಗಡೆಗೆ ಬಹುತೇಕ ಸಿದ್ಧವಾದ ಆವೃತ್ತಿ. ಅಲ್ಲಿಂದ ಮುಂದೆ ಪರದೆಯ ಮೇಲೆ ಕಾಣುವ ಮಾತುಗಳನ್ನು ಬದಲಿಸುವಂತಿಲ್ಲ, ಯಾಕೆಂದರೆ ಅನುವಾದ ಮಾಡುವವರು ಆಗ ಅದೇ ಮಾತುಗಳ ಮೇಲೆ ಕೂತಿರುತ್ತಾರೆ. ಡಿಸೆಂಬರ್ 4ಕ್ಕೆ ಬಿಡುಗಡೆ. ಜ್ಯಾಂಗೋ ಬೆಂಬಲಿಸುವ ಭಾಷೆಗಳಲ್ಲಿ ಕನ್ನಡವೂ ಇದೆ. ಹಾಗಾಗಿ ಈ ಕೊನೆಯ ಎರಡು ವಾರ ನಮಗೂ ಮುಖ್ಯ.

ಅಂದರೆ ಮೂರು ಫ್ರೀಜ್‌ಗಳು. ಒಂದೊಂದರಲ್ಲೂ ಒಂದು ಬಗೆಯ ಕೆಲಸಕ್ಕೆ ಮಾತ್ರ ನಿಷೇಧ. ಉಳಿದದ್ದು ನಡೆಯುತ್ತಲೇ ಇರುತ್ತದೆ. ಇಷ್ಟು ಅರ್ಥ ಕೊಡುವ ಪದ ಬೇಕು.

‘ಸ್ಥಗಿತ’ ಅಂದರೆ ಕೆಲಸವೇ ನಿಂತುಹೋಯಿತು ಅಂತ ಆಗುತ್ತದೆ. ಪತ್ರಿಕೆಯಲ್ಲಿ ‘ಕಾಮಗಾರಿ ಸ್ಥಗಿತ’ ಓದಿ ಬೆಳೆದವರಿಗೆ ಬೇರೆ ಅರ್ಥ ಹೊಳೆಯುವುದಿಲ್ಲ, ಅಲ್ವಾ? ‘ಹೆಪ್ಪುಗಟ್ಟಿಸು’ ಬರೀ ಇಂಗ್ಲಿಷಿನ ನೆರಳು. ‘ತಡೆ’ ಒಳ್ಳೆಯ ಪದವೇ, ಆದರೆ ಬಿಡುಗಡೆಗೆ ಅಡ್ಡಿಯಾಗುವ ದೋಷಕ್ಕೆ ಅದನ್ನು ಉಳಿಸಿಕೊಳ್ಳಬೇಕು ಅನ್ನಿಸುತ್ತದೆ. ಒಂದೇ ಪುಟದಲ್ಲಿ ಎರಡೂ ‘ತಡೆ’ ಆದರೆ ಮಕ್ಕಳಿಗೆ ಗೊಂದಲ.

ನನಗೆ ಹೊಳೆದದ್ದು ‘ಕಟ್ಟು’. ಕೊಡಗಿನ ಹೊರಗಿನವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ಊರ ದೇವರ ಹಬ್ಬಕ್ಕೆ ಮುಂಚೆ ಒಂದು ದಿನ ಗೊತ್ತುಮಾಡಿ ಕಟ್ಟು ಹಾಕುತ್ತಾರೆ. ಕೊಡವ ತಕ್ಕ್‌ನಲ್ಲಿ ಅದು ‘ಕಟ್ಟ್’. ಅಂದಿನಿಂದ ಹಬ್ಬ ಮುಗಿಯುವವರೆಗೆ ಕೆಲವು ಕೆಲಸ ಮಾಡುವಂತಿಲ್ಲ. ಹಸಿ ಮರ ಕಡಿಯುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ, ಹೀಗೆ. ಏನೇನು ಬೇಡ ಅನ್ನುವುದು ಊರಿಂದ ಊರಿಗೆ ಬೇರೆ. ಉಳಿದ ಬದುಕು ಎಂದಿನಂತೆ ಸಾಗುತ್ತದೆ. ಆಮೇಲೆ ಕಟ್ಟು ಸಡಿಲಿಸುತ್ತಾರೆ. ಮೊದಲೇ ಸಾರಿದ ದಿನ, ಇಂಥದ್ದಕ್ಕೆ ಮಾತ್ರ ಅನ್ನುವ ಮಿತಿ, ಎಲ್ಲರೂ ಒಪ್ಪಿ ನಡೆಯುವ ನಿಯಮ, ಕೊನೆಗೆ ಬಿಡುವ ಗಳಿಗೆ: ಫ್ರೀಜ್‌ನಲ್ಲಿ ಇರುವುದೆಲ್ಲ ಈ ಒಂದು ಪದದಲ್ಲಿದೆ. ‘ಹಾಕು’, ‘ಬೀಳು’, ‘ಸಡಿಲಿಸು’ ಅನ್ನುವ ಕ್ರಿಯಾಪದಗಳೂ ಜೊತೆಗೇ ಬರುತ್ತವೆ. ‘ಆಲ್ಫಾ ದಿನ ಹೊಸ ಸೌಲಭ್ಯಕ್ಕೆ ಕಟ್ಟು ಬೀಳುತ್ತದೆ’ ಎಂದು ಬರೆದರೆ ನಮ್ಮ ಹುಡುಗರಿಗೆ ವಿವರಣೆಯೇ ಬೇಕಾಗುವುದಿಲ್ಲ.

ತೊಡಕು ಇಲ್ಲಿದೆ. ‘ಕಟ್ಟು’ ಅಂದರೆ ನಿರ್ಮಿಸು ಅಂತಲೂ ಹೌದು. ‘ಸೌಲಭ್ಯ ಕಟ್ಟು’ ಎಂದು ಬರೆದರೆ ‘ಸೌಲಭ್ಯವನ್ನು ತಯಾರು ಮಾಡು’ ಎಂದು ಓದಿಬಿಡಬಹುದು. ಪೂರ್ತಿ ಉಲ್ಟಾ ಅರ್ಥ! ಹಾಗಾಗಿ ಯಾವಾಗಲೂ ‘-ಕ್ಕೆ’ ಅಥವಾ ‘-ಗೆ’ ಸೇರಿಸಬೇಕು ಅನ್ನಿಸುತ್ತದೆ: ಸೌಲಭ್ಯಕ್ಕೆ ಕಟ್ಟು, ಮಾತುಗಳಿಗೆ ಕಟ್ಟು. ವಾಕ್ಯದಲ್ಲಿ ಇದು ಸರಿಹೋಗುತ್ತದೆ. ಕ್ಯಾಲೆಂಡರಿನ ಸಣ್ಣ ಚೌಕದಲ್ಲಿ ಒಂಟಿಯಾಗಿ ‘ಕಟ್ಟು’ ಎಂದು ಹಾಕಿದರೆ ಏನಾಗುತ್ತದೆ? ಅಲ್ಲಿ ‘ಕಟ್ಟುಪಾಡು’ ಅನ್ನಬಹುದು, ಆದರೆ ಅದು ಸದಾ ಇರುವ ನಿಯಮದಂತೆ ಕೇಳುತ್ತದೆ. ಇಂತಿಷ್ಟು ದಿನ ಮಾತ್ರ ಅನ್ನುವ ಅರ್ಥ ಹೋಗಿಬಿಡುತ್ತದೆ.

ಇನ್ನೊಂದು ಪದವನ್ನೂ ಕೇಳಿಬಿಡುತ್ತೇನೆ: ‘ಡಿಪ್ರಿಕೇಟೆಡ್’. ಮುಂದಿನ ಆವೃತ್ತಿಯೊಂದರಲ್ಲಿ ತೆಗೆಯಲಿರುವ ಸೌಲಭ್ಯಕ್ಕೆ ಹಾಗೆ ಹೇಳುತ್ತಾರೆ. ‘ಬಳಕೆ ತಪ್ಪಿದ’ ಎಂದರೆ ತಪ್ಪು, ಯಾಕೆಂದರೆ ಅದು ಇನ್ನೂ ಕೆಲಸ ಮಾಡುತ್ತಿರುತ್ತದೆ, ಎಚ್ಚರಿಕೆ ಕೊಡುತ್ತದೆ ಅಷ್ಟೇ. ಕಾಲವಲಯಗಳಿಗೆ ಬಳಸುತ್ತಿದ್ದ ಪೈಥಾನ್ ಲೈಬ್ರರಿ ಪೈಟಿಝಡ್‌ನ ಬೆಂಬಲಕ್ಕೆ 4.0ರಲ್ಲಿ ಎಚ್ಚರಿಕೆ ಹಾಕಿ, 5.0ರಲ್ಲಿ ತೆಗೆದರು. ನಡುವೆ ಜನಕ್ಕೆ ಕೋಡ್ ಬದಲಿಸಿಕೊಳ್ಳಲು ಸಮಯ ಸಿಕ್ಕಿತು. ಇದಕ್ಕೆ ‘ವಾಯಿದೆ ಕೊಟ್ಟದ್ದು’ ಅಂದರೆ ಹೇಗೆ? ‘ಕೈಬಿಡಲಿರುವ’ ಅನ್ನುವುದಕ್ಕಿಂತ ನನಗೆ ಇದೇ ಇಷ್ಟ. ತೆಗೆಯುವುದು ಖಚಿತ, ಆದರೆ ಗಡುವು ಇದೆ ಎನ್ನುವುದು ಇದರಲ್ಲಿ ಬರುತ್ತದೆ. ಮೂರು ವರ್ಷ ಬೆಂಬಲ ಸಿಗುವ 4.2, 5.2ರಂಥವಕ್ಕೆ ‘ಬಾಳಿಕೆ ಆವೃತ್ತಿ’ ಎಂದು ಬರೆದಿದ್ದೇನೆ. ಅದರ ಬಗ್ಗೆ ನನಗೆ ಅನುಮಾನವಿಲ್ಲ.

‘ಕಟ್ಟು’ ಬಗ್ಗೆ ಎರಡು ಪ್ರಶ್ನೆ ಉಳಿದಿವೆ. ದಕ್ಷಿಣ ಕನ್ನಡ, ಹಾಸನ, ಚಿಕ್ಕಮಗಳೂರು ಕಡೆಯವರು ಹಬ್ಬಕ್ಕೆ ಮುಂಚಿನ ಇಂಥ ನಿಷೇಧಕ್ಕೆ ಏನು ಹೇಳುತ್ತೀರಿ? ಅಲ್ಲೂ ‘ಕಟ್ಟು’ ಇದ್ದರೆ ಈ ಪದ ಕೊಡಗಿನ ಆಚೆಗೂ ನಡೆಯುತ್ತದೆ. ಇನ್ನು ಕೊಡಗಿನವರಿಗೆ: ದೇವರ ಹಬ್ಬಕ್ಕೆ ಮೀಸಲಾದ ಮಾತನ್ನು ಕಂಪ್ಯೂಟರ್ ಕೆಲಸಕ್ಕೆ ತಂದರೆ ಮನೆಯ ಹಿರಿಯರಿಗೆ ಬೇಜಾರಾಗುತ್ತದೆಯೇ? ದಯವಿಟ್ಟು ಅವರನ್ನೇ ಕೇಳಿ ಬರೆಯಿರಿ. ಅವರು ಬೇಡ ಅಂದರೆ ನಾನು ಬೇರೆ ಪದ ಹುಡುಕುತ್ತೇನೆ.