ಕ್ವೆರೆತಾರೊದಿಂದ ಸ್ಯಾನ್ ಆಂಟೋನಿಯೊಗೆ ಕಾರಲ್ಲಿ ವಾಪಸ್: ಯಾವ ದಾರಿ, ಯಾವ ಸೇತುವೆ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್ ನಂಬರಿನ 2019ರ ಕಾರು. ನಾನು, ಹೆಂಡತಿ, ಎಂಟು ವರ್ಷದ ಮಗಳು. ಮೂವರದೂ ಭಾರತದ ಪಾಸ್‌ಪೋರ್ಟ್, ಎಚ್-1ಬಿ ಮತ್ತು ಎಚ್-4 ವೀಸಾ ಚಾಲ್ತಿಯಲ್ಲಿವೆ. ಮೂರು ವಾರದ ಮೆಕ್ಸಿಕೊ ಪ್ರವಾಸ ಮುಗಿಸಿ ಈಸ್ಟರ್ ಭಾನುವಾರ ಬೆಳಿಗ್ಗೆ ಕ್ವೆರೆತಾರೊ ಬಿಟ್ಟು ರಾತ್ರಿಗೆ ಗಡಿ ದಾಟುವ ಯೋಚನೆ. ಮ್ಯಾಪ್ ಲಾರೆಡೊದ ಹ್ವಾರೆಸ್-ಲಿಂಕನ್ ಸೇತುವೆ ತೋರಿಸುತ್ತಿದೆ. ಒಬ್ಬರು ಕೊಲಂಬಿಯಾ ಸೇತುವೆ ಅಂತಾರೆ, ಇನ್ನೊಬ್ಬರು ಈಗಲ್ ಪಾಸ್ ಅಂತಾರೆ. ಕಾರಿನ ತಾತ್ಕಾಲಿಕ ಪರ್ಮಿಟ್‌ಗೆ 400 ಡಾಲರ್ ಡೆಪಾಸಿಟ್ ಕಟ್ಟಿದ್ದೇವೆ. ಅದು ವಾಪಸ್ ಬರಬೇಕಾದರೆ ಎಲ್ಲಿ ಏನು ಮಾಡಬೇಕು?

ಉತ್ತರ (ಗಡಿ ದಾಖಲೆ ಮತ್ತು ಮಾರ್ಗ ಸಲಹೆಗಾರರು): ಸರ್, ದಾರಿಯ ಮಾತು ಆಮೇಲೆ, ಮೊದಲು ಸೇತುವೆ ಗೊತ್ತುಮಾಡಿ. ಎಲ್ಲರೂ ಯಾವ ಸೇತುವೆಯಲ್ಲಿ ಕ್ಯೂ ಕಡಿಮೆ ಅಂತ ನೋಡುತ್ತಾರೆ. ಡೆಪಾಸಿಟ್ ಇಟ್ಟವರು ನೋಡಬೇಕಾದದ್ದು ಬಾನ್‌ಹೆರ್ಸಿತೊ ಕೌಂಟರ್ ಎಲ್ಲಿದೆ ಅಂತ. ಪರ್ಮಿಟ್ ಕೊಡುವುದೂ ರದ್ದು ಮಾಡುವುದೂ ಆ ಸೇನಾ ಬ್ಯಾಂಕೇ, ರದ್ದತಿ ಆಗುವುದು ಮೆಕ್ಸಿಕೊ ಬದಿಯಲ್ಲಿ ಮಾತ್ರ. ರದ್ದು ಮಾಡಿಸದೆ ಸೇತುವೆ ಹತ್ತಿದರೆ ಯಾರೂ ತಡೆಯುವುದಿಲ್ಲ, ಎಡವಟ್ಟಾಗುವುದೇ ಅಲ್ಲಿ. ಆಚೆ ಹೋದ ಮೇಲೆ ನೆನಪಾದರೆ ಮತ್ತೆ ಟೋಲ್ ಕಟ್ಟಿ, ದಕ್ಷಿಣಕ್ಕೆ ಬಂದು, ಮೆಕ್ಸಿಕೊ ಕಸ್ಟಮ್ಸ್ ದಾಟಿ, ಕೌಂಟರ್‌ಗೆ ಹೋಗಿ, ಅಮೆರಿಕದ ಕ್ಯೂನಲ್ಲಿ ಮೊದಲಿಂದ ನಿಲ್ಲಬೇಕು. ಪರ್ಮಿಟ್ ಅವಧಿ ಮೀರಿತೋ, 400 ಡಾಲರ್ ಹೋಯಿತು. ಹಳೆಯದು ಇತ್ಯರ್ಥವಾಗುವವರೆಗೆ ನಿಮ್ಮ ಹೆಸರಿಗೆ ಹೊಸ ಪರ್ಮಿಟ್ಟೂ ಸಿಗುವುದಿಲ್ಲ.

ಹ್ವಾರೆಸ್-ಲಿಂಕನ್ ಅಂದರೆ ಲಾರೆಡೊದ ಎರಡನೇ ಸೇತುವೆ. ದಾಟಿದ ಕೂಡಲೇ ಸ್ಯಾನ್ ಆಂಟೋನಿಯೊಗೆ ಹೋಗುವ ಐ-35 ಹೆದ್ದಾರಿ ಸಿಗುತ್ತದೆ, ಮ್ಯಾಪ್‌ಗೆ ಅದು ಇಷ್ಟ. ಆದರೆ ಅಲ್ಲಿ ಪರ್ಮಿಟ್ ಕಚೇರಿ ಇರುವುದು ನುಎವೊ ಲಾರೆಡೊ ಊರೊಳಗೆ, ಸೇತುವೆಯ ಪಕ್ಕ ನದಿದಂಡೆಯಲ್ಲಿ. ಸೇತುವೆಯ ಕ್ಯೂ ಬಿಟ್ಟು ಇಳಿದು ಹೋಗಿ, ಕೆಲಸ ಮುಗಿಸಿ, ಊರೊಳಗೇ ಸುತ್ತಿ ಮತ್ತೆ ಕ್ಯೂನ ಬಾಲ ಹಿಡಿಯಬೇಕು. ಆ ಊರಿರುವ ತಮೌಲಿಪಾಸ್ ರಾಜ್ಯಕ್ಕೆ ಅಮೆರಿಕದ ವಿದೇಶಾಂಗ ಇಲಾಖೆ ಕೊಟ್ಟಿರುವುದು ನಾಲ್ಕನೇ ಹಂತದ, ಅಂದರೆ ‘ಹೋಗಬೇಡಿ’ ಎಂಬ ಎಚ್ಚರಿಕೆ. ಸಂಸಾರ ಕೂರಿಸಿಕೊಂಡು ಹೊರನಾಡಿನ ನಂಬರ್ ಪ್ಲೇಟಿನ ಕಾರಲ್ಲಿ ಕತ್ತಲಾದ ಮೇಲೆ ಆ ಬೀದಿಗಳಲ್ಲಿ ಕಚೇರಿ ಹುಡುಕುವ ಉಸಾಬರಿ ಬೇಡ.

ನನ್ನ ಸಲಹೆ ಕೊಲಂಬಿಯಾ. ನುಎವೊ ಲೆಯೋನ್ ರಾಜ್ಯಕ್ಕೆ ಅಮೆರಿಕದ ಜೊತೆ ಇರುವ ಗಡಿ ಅಂಗೈಯಗಲದ್ದು, ಅದರಲ್ಲಿ ಇರುವುದು ಇದೊಂದೇ ಸೇತುವೆ. ಊರು-ಪೇಟೆ ಏನೂ ಇಲ್ಲ. ಬಾನ್‌ಹೆರ್ಸಿತೊ ಸೇತುವೆಯ ಆವರಣದಲ್ಲೇ ಇದೆ, ಟೋಲ್ ಬೂತಿಗೆ ಮೊದಲೇ ಬೋರ್ಡು ನೋಡಿ ತಿರುಗಿಕೊಳ್ಳಿ. ಆಚೆ ಬದಿ ಟೆಕ್ಸಾಸ್ 255 ಹಿಡಿದರೆ ಲಾರೆಡೊ ಊರು ಹೊಗದೆ ನೇರ ಐ-35. ದೂರ ಸ್ವಲ್ಪ ಹೆಚ್ಚು, ಅಷ್ಟೆ. ಒಂದೇ ಎಚ್ಚರ: ಈ ಸೇತುವೆ ರಾತ್ರಿಯಿಡೀ ತೆರೆದಿರುವುದಿಲ್ಲ. ಹೊರಡುವ ದಿನ ಅಮೆರಿಕದ ಗಡಿ ಇಲಾಖೆ ಸಿಬಿಪಿಯ ವೆಬ್‌ಸೈಟಿನಲ್ಲಿ ಸಮಯ ನೋಡಿಕೊಳ್ಳಿ.

ಸಮಯ ಅಂದಾಗ ಇನ್ನೊಂದು. ಮೆಕ್ಸಿಕೊ 2022ರಲ್ಲಿ ಬೇಸಿಗೆ ಗಡಿಯಾರ ಕೈಬಿಟ್ಟಿತು, ಟೆಕ್ಸಾಸ್ ಬಿಟ್ಟಿಲ್ಲ. ಗಡಿಗೆ ಅಂಟಿಕೊಂಡ ಊರುಗಳು ಮಾತ್ರ ಟೆಕ್ಸಾಸ್ ಜೊತೆ ಗಡಿಯಾರ ತಿರುಗಿಸುತ್ತವೆ. ಹಾಗಾಗಿ ಈಸ್ಟರ್ ಹೊತ್ತಿಗೆ ಮಾಂಟೆರೆಯಲ್ಲಿ ಸಂಜೆ ಆರಾದರೆ ಸೇತುವೆಯಲ್ಲಿ ಏಳು.

ಇನ್ನು ದಾರಿ. ಒಂದೇ ದಿನ ಅನ್ನುವುದನ್ನು ಬಿಟ್ಟುಬಿಡಿ. ಮೊದಲ ದಿನ ಹೆದ್ದಾರಿ 57ರಲ್ಲಿ ಸಾನ್ ಲೂಯಿಸ್ ಪೊತೊಸಿ, ಮಾತೆವಾಲಾ ಮೇಲೆ ಸಾಲ್ಟಿಯೊ. ಸುಮಾರು 650 ಕಿ.ಮೀ., ಊಟ-ಚಹಾ ಸೇರಿ ಎಂಟು-ಒಂಬತ್ತು ಗಂಟೆ. ಮಗಳಿಗೆ ಸುಸ್ತಾದರೆ ಮಾತೆವಾಲಾದಲ್ಲೇ ಉಳಿಯಿರಿ, ಹೆದ್ದಾರಿ ಪಕ್ಕದಲ್ಲೇ ಹೋಟೆಲುಗಳಿವೆ. ಸಾಲ್ಟಿಯೊಗೆ ಮುಂಚೆ ಲೊಸ್ ಚೊರೊಸ್ ಎಂಬ ಘಟ್ಟದ ಇಳಿಜಾರು ಬರುತ್ತದೆ. ಲಾರಿಗಳ ಬ್ರೇಕ್ ಕಾಯ್ದು ಹಿಡಿತ ತಪ್ಪಿ ಅಪಘಾತವಾಗುವ ಜಾಗ ಅದು, ಮಂಜೂ ಕವಿಯುತ್ತದೆ. ಬೆಳಕಿರುವಾಗ, ಕೆಳಗಿನ ಗೇರಿನಲ್ಲಿ, ಮುಂದಿನ ಲಾರಿಗೆ ಧಾರಾಳ ಅಂತರ ಬಿಟ್ಟು ಇಳಿಯಿರಿ. ನಿಮ್ಮ ಹಿಂದೆಯೂ ಲಾರಿ ಇರುತ್ತದೆ, ಕನ್ನಡಿ ನೋಡುತ್ತಿರಿ.

ಎರಡನೇ ದಿನ ಬೆಳಿಗ್ಗೆ ಏಳಕ್ಕೆ ಸಾಲ್ಟಿಯೊ ಬಿಟ್ಟು 40ಡಿ, ಮಾಂಟೆರೆ ಒಳಗೆ ಹೋಗದೆ ವಾಯವ್ಯದ ಬೈಪಾಸ್, ಆಮೇಲೆ 85ಡಿ. ಸಂಖ್ಯೆಯ ಕೊನೆಯ ‘ಡಿ’ ಅಂದರೆ ಟೋಲ್ ರಸ್ತೆ, ಬೋರ್ಡಿನಲ್ಲಿ ‘ಕ್ವೋತಾ’ ಅಂತ ಇರುತ್ತದೆ. ‘ಲಿಬ್ರೆ’ ಅಂತ ಕಂಡರೆ ಅದು ಪುಕ್ಕಟೆ ರಸ್ತೆ, ಈ ಭಾಗದಲ್ಲಿ ಅದರ ಸಹವಾಸ ಬೇಡ. ಮ್ಯಾಪ್‌ನಲ್ಲಿ ‘ಟೋಲ್ ತಪ್ಪಿಸು’ ಆನ್ ಇಲ್ಲ ತಾನೇ, ನೋಡಿಕೊಳ್ಳಿ. ನುಎವೊ ಲಾರೆಡೊ ಊರು ಸಿಗುವ ಮೊದಲೇ ಎಡಕ್ಕೆ ‘ಪುಯೆಂತೆ ಕೊಲೊಂಬಿಯಾ’ ಬೋರ್ಡು. ಮ್ಯಾಪ್‌ಗೆ ಸ್ಯಾನ್ ಆಂಟೋನಿಯೊ ಅಂತ ಹೇಳದೆ ಈ ಸೇತುವೆಯ ಹೆಸರನ್ನೇ ಕೊಡಿ, ಇಲ್ಲದಿದ್ದರೆ ಅದು ನಿಮ್ಮನ್ನು ಊರೊಳಕ್ಕೆ ಎಳೆಯುತ್ತದೆ.

ಟೋಲ್‌ಗೆ ಪೆಸೊ ನಗದು ಇಟ್ಟುಕೊಳ್ಳಿ, ಹೊರದೇಶದ ಕಾರ್ಡ್ ಎಲ್ಲ ಬೂತಿನಲ್ಲೂ ನಡೆಯುವುದಿಲ್ಲ. ರಸೀದಿ ಬಿಸಾಡಬೇಡಿ, ಆ ರಸ್ತೆಯ ಮಟ್ಟಿಗೆ ಅದೇ ವಿಮೆಯ ಪುರಾವೆ. ಕಾರು ಕೆಟ್ಟರೆ 078ಕ್ಕೆ ಫೋನ್ ಮಾಡಿ, ‘ಆಂಹೆಲೆಸ್ ವೆರ್ದೆಸ್’ ಎಂಬ ಹಸಿರು ಗಾಡಿಯವರು ಬರುತ್ತಾರೆ.

ಕೊನೆಗೆ ದಿನ. ಈಸ್ಟರ್ ಭಾನುವಾರ ಮತ್ತು ಸೋಮವಾರ ಗಡಿ ಕಡೆಗೆ ಹೋಗುವ ಅರ್ಧ ದೇಶ ಆ ರಸ್ತೆಯಲ್ಲೇ ಇರುತ್ತದೆ. ಬುಧವಾರ ದಾಟುವ ಹಾಗೆ ಮಂಗಳವಾರ ಹೊರಡಿ. ಆಗದಿದ್ದರೆ ಗುಡ್ ಫ್ರೈಡೆಗೆ ಮೊದಲೇ ದಾಟಿಬಿಡಿ.

ಪ್ರಶ್ನಿಸಿದವರು: ತುಂಬಾ ಥ್ಯಾಂಕ್ಸ್ ಸರ್. ಕೌಂಟರಿನಲ್ಲಿ ಏನೇನು ಕೇಳುತ್ತಾರೆ? ಗಾಜಿನ ಮೇಲಿನ ಸ್ಟಿಕರ್ ನಾವೇ ಕಿತ್ತು ಕೊಡಬೇಕಾ?

ಉತ್ತರ: ಬೇಡ, ಅದನ್ನು ಮುಟ್ಟಲೇಬೇಡಿ. ಸಿಬ್ಬಂದಿ ಕಾರಿನ ಹತ್ತಿರ ಬಂದು ನೋಡಿ ಅವರೇ ಕೀಳುತ್ತಾರೆ. ಪರ್ಮಿಟ್ ಕಾಗದ, ಪಾಸ್‌ಪೋರ್ಟ್, ಕಾರಿನ ನೋಂದಣಿ ಪತ್ರ ಕೈಯಲ್ಲಿರಲಿ. ಪರ್ಮಿಟ್ ಯಾರ ಹೆಸರಲ್ಲಿದೆಯೋ ಅವರೇ ಕೌಂಟರಿಗೆ ಹೋದರೆ ಮಾತು ಬೇಗ ಮುಗಿಯುತ್ತದೆ.

ಇವತ್ತೇ ಒಂದು ಕೆಲಸ ಮಾಡಿ. ಚಾಲಕನ ಬದಿಯ ಡ್ಯಾಶ್‌ಬೋರ್ಡ್ ಮೂಲೆಯಲ್ಲಿ, ಗಾಜಿನ ಕೆಳಗೆ ಕಾಣುವ 17 ಅಕ್ಷರ-ಅಂಕಿಗಳ ವಾಹನ ಸಂಖ್ಯೆಯನ್ನು ಪರ್ಮಿಟ್ ಕಾಗದದ ಜೊತೆ ಒಂದೊಂದಾಗಿ ತಾಳೆ ನೋಡಿ. ಆ ಸಂಖ್ಯೆಯಲ್ಲಿ ‘ಐ’, ‘ಓ’, ‘ಕ್ಯೂ’ ಅಕ್ಷರಗಳು ಇರುವುದೇ ಇಲ್ಲ. ಕಾಗದದಲ್ಲಿ ಅವು ಕಂಡರೆ 1 ಅಥವಾ 0 ಹೊಡೆಯುವಾಗ ಆದ ತಪ್ಪು. ಸಂಖ್ಯೆ ಹೊಂದದಿದ್ದರೆ ರದ್ದತಿಯ ಹೊತ್ತಿಗೆ ತಕರಾರು ಬರುತ್ತದೆ, ಆಗ ಹಿಂದೆ ನೂರು ಕಾರು ನಿಂತಿರುತ್ತವೆ.

ರದ್ದಾದ ಮೇಲೆ ಒಂದು ರಸೀದಿ ಕೊಡುತ್ತಾರೆ, ಫೋಟೋ ತೆಗೆದು ಕಾಗದವನ್ನೂ ಇಟ್ಟುಕೊಳ್ಳಿ. ಕಾರ್ಡಿನಲ್ಲಿ ಕಟ್ಟಿದ್ದರೆ ಹಣ ಅದೇ ಕಾರ್ಡಿಗೆ ಬರುತ್ತದೆ. ಅಲ್ಲಿಯವರೆಗೆ ಆ ಕಾರ್ಡ್ ಮುಚ್ಚಿಸಬೇಡಿ. ಪ್ರವೇಶದ ವೇಳೆ ಎಫ್‌ಎಮ್‌ಎಮ್ ಎಂಬ ಪ್ರವಾಸಿ ಚೀಟಿ ಕೊಟ್ಟಿದ್ದರೆ ಮೆಕ್ಸಿಕೊ ವಲಸೆ ಕೌಂಟರಿನಲ್ಲಿ ಅದನ್ನೂ ಒಪ್ಪಿಸಿ ನಿರ್ಗಮನದ ಮುದ್ರೆ ಕೇಳಿ. ನೀವಾಗಿ ಹೋಗದಿದ್ದರೆ ಯಾರೂ ಕರೆಯುವುದಿಲ್ಲ.

ಇನ್ನೊಬ್ಬ ಸದಸ್ಯೆ: ಈಗಲ್ ಪಾಸ್ ಯಾಕೆ ಬೇಡ ಸರ್? 57 ನೇರ ಅಲ್ಲಿಗೇ ಹೋಗುತ್ತಲ್ಲ?

ಉತ್ತರ: ಬೇಡ ಅನ್ನಲಿಲ್ಲ ಮೇಡಂ, ಅದು ನನ್ನ ಎರಡನೇ ಆಯ್ಕೆ. ಸಾಲ್ಟಿಯೊ, ಮೊಂಕ್ಲೋವಾ ಮೇಲೆ ಈಗಲ್ ಪಾಸ್ ಎದುರಿನ ಪಿಯೆದ್ರಾಸ್ ನೆಗ್ರಾಸ್, ಸುಮಾರು 440 ಕಿ.ಮೀ. ತಮೌಲಿಪಾಸ್ ಪೂರ್ತಿ ತಪ್ಪುತ್ತದೆ, ಮಾಂಟೆರೆಯ ಟ್ರಾಫಿಕ್ಕೂ ತಪ್ಪುತ್ತದೆ. ಆದರೆ ಮಧ್ಯೆ ಉದ್ದಕ್ಕೂ ಬಯಲು, ಮೊಂಕ್ಲೋವಾದಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಬೇಕು. ಅರಿಜೋನಾ ಗಡಿಯ ನೊಗಾಲೆಸ್ ಕಡೆ ಹೋಗುವವರು ಇದನ್ನು ನೆನಪಿಡಿ: ಅಲ್ಲಿ ಪರ್ಮಿಟ್ ಕೆಲಸವೆಲ್ಲ ಹೆದ್ದಾರಿ 15ರ 21ನೇ ಕಿಲೋಮೀಟರಿನಲ್ಲಿ, ಗಡಿಗೆ ಬಹಳ ಮೊದಲೇ. ಗಡಿಯವರೆಗೆ ಹೋಗಿ ಕೇಳಿದರೆ ವಾಪಸ್ ಕಳಿಸುತ್ತಾರೆ. ಬಾಹಾ ಕ್ಯಾಲಿಫೋರ್ನಿಯಾದಲ್ಲಷ್ಟೇ ಓಡಾಡಿದವರಿಗೆ ಪರ್ಮಿಟ್ಟೇ ಬೇಕಿಲ್ಲ.

ಪ್ರಶ್ನಿಸಿದವರು: ಅಮೆರಿಕ ಬದಿಯಲ್ಲಿ ಯಾವ ಲೇನ್? ಮಾವು, ಸೀಬೆ, ಬೆಣ್ಣೆಹಣ್ಣು ತರಬಹುದಾ?

ಉತ್ತರ: ಸಾಮಾನ್ಯ ಲೇನ್. ‘ರೆಡಿ ಲೇನ್’ಗೆ ಚಿಪ್ ಇರುವ ಗ್ರೀನ್ ಕಾರ್ಡ್‌ನಂಥ ದಾಖಲೆ ಬೇಕು, ನಮ್ಮ ಪಾಸ್‌ಪೋರ್ಟಿನ ವೀಸಾ ಅದಕ್ಕಾಗದು. ‘ಸೆಂಟ್ರಿ’ ಎಂಬ, ಮೊದಲೇ ತಪಾಸಣೆಯಾದವರ ಲೇನಿಗೆ ಕಾರಿನಲ್ಲಿರುವ ಪ್ರತಿಯೊಬ್ಬರೂ ಆ ಯೋಜನೆಯ ಸದಸ್ಯರಾಗಿರಬೇಕು, ತಪ್ಪಿ ನುಗ್ಗಿದರೆ ದಂಡ.

ಮಾವು, ಸೀಬೆ ಬೇಡ. ಬೆಣ್ಣೆಹಣ್ಣು ಬೀಜ ಸಮೇತ ಬಿಡುವುದಿಲ್ಲ. ಯಾರಾದರೂ ಹಿತ್ತಲಿನಿಂದ ಕರಿಬೇವು ಕಿತ್ತು ಕೊಟ್ಟರೆ ಅದನ್ನೂ ಅಲ್ಲೇ ಒಗ್ಗರಣೆಗೆ ಹಾಕಿ ಮುಗಿಸಿ. ಕರಿಬೇವು ನಿಂಬೆ-ಕಿತ್ತಳೆಯ ಕುಟುಂಬದ್ದು, ಆ ತೋಟಗಳನ್ನು ಒಣಗಿಸುವ ರೋಗ ಹರಡುವ ಕೀಟ ಅದರ ಹಸಿ ಎಲೆಯಲ್ಲಿರುತ್ತದೆ. ಏನೇ ತಂದರೂ ಬಾಯಿಬಿಟ್ಟು ಹೇಳಿ. ಹೇಳಿದರೆ ಹಣ್ಣು ಮಾತ್ರ ಹೋಗುತ್ತದೆ, ಮುಚ್ಚಿಟ್ಟರೆ ದಂಡವೂ ಬೀಳುತ್ತದೆ. ಟೆಕ್ಸಾಸ್ ಸರ್ಕಾರದ ಬೂತಿನಲ್ಲಿ ಮದ್ಯದ ಬಾಟಲಿಗೆ ಪ್ರತ್ಯೇಕ ತೆರಿಗೆಯಿದೆ.

ದಾಟಿದ ದಿನವೇ ಮೂವರ ಐ-94 (ಅಮೆರಿಕದಲ್ಲಿ ಯಾವಾಗಿನವರೆಗೆ ಇರಬಹುದು ಎಂಬ ಪ್ರವೇಶ ದಾಖಲೆ) ಆನ್‌ಲೈನ್‌ನಲ್ಲಿ ತೆಗೆದು ತಾರೀಖು ನೋಡಿ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಆ ತಾರೀಖಿಗೇ ಕತ್ತರಿಸಿರಬಹುದು. ಐ-35ರ 29ನೇ ಮೈಲಿಯ ಹತ್ತಿರ ಬಾರ್ಡರ್ ಪೆಟ್ರೋಲ್ ಮತ್ತೊಮ್ಮೆ ನಿಲ್ಲಿಸುತ್ತದೆ. 255ರಲ್ಲಿ ಬಂದರೂ ಅದು ತಪ್ಪುವುದಿಲ್ಲ, ಪಾಸ್‌ಪೋರ್ಟುಗಳನ್ನು ಡಿಕ್ಕಿಯ ಸೂಟ್‌ಕೇಸಿಗೆ ಸೇರಿಸಬೇಡಿ.

ಮತ್ತೊಬ್ಬ ಸದಸ್ಯರು: ನನ್ನ ಎಚ್-1ಬಿ ಸ್ಟಾಂಪ್ ಮುಗಿದಿದೆ, ಐ-94 ಇದೆ. 30 ದಿನದೊಳಗೆ ವಾಪಸ್ ಬಂದರೆ ಸಾಕು ಅಂತಾರಲ್ಲ?

ಉತ್ತರ: ಅದು ಅಮೆರಿಕದ ನಿಯಮ. ಚಾಲ್ತಿಯ ಐ-94 ಇದ್ದು, ಮೆಕ್ಸಿಕೊದಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕದೆ 30 ದಿನದೊಳಗೆ ಮರಳಿದರೆ ಹಳೆಯ ವೀಸಾದಲ್ಲೇ ಒಳಗೆ ಬಿಡಲು ಅವಕಾಶವಿದೆ. ಮೆಕ್ಸಿಕೊದ ಮಾತು ಬೇರೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ಭಾರತೀಯರಿಗೆ ಅಲ್ಲಿ ವೀಸಾ ವಿನಾಯಿತಿ ಸಿಗುತ್ತದೆ, ಮುಗಿದ ವೀಸಾಕ್ಕೆ ಸಿಗುವುದಿಲ್ಲ. ಸ್ಟಾಂಪ್ ಮುಗಿದವರು ಹೊರಡುವ ಮೊದಲೇ ಮೆಕ್ಸಿಕೊ ವೀಸಾ ತೆಗೆದುಕೊಳ್ಳಬೇಕು.

ಪ್ರಶ್ನಿಸಿದವರು: ಕೊನೆಯದು ಸರ್. ಲಾರಿ ಚಕ್ರದಿಂದ ಕಲ್ಲು ಸಿಡಿದು ಮುಂದಿನ ಗಾಜು ಬಿರುಕು ಬಿಟ್ಟಿದೆ, ಸ್ಟಿಕರ್ ಹತ್ತಿರವೇ. ಬದಲಾಯಿಸಿಬಿಡಲಾ?

ಉತ್ತರ: ನೋಟಕ್ಕೆ ಅಡ್ಡ ಬರದಿದ್ದರೆ ಟೆಕ್ಸಾಸ್‌ಗೆ ಬಂದೇ ಬದಲಾಯಿಸಿ. ಅಲ್ಲಿಯೇ ಆಗಬೇಕು ಅಂದರೆ ಸ್ಟಿಕರ್ ಅಂಟಿರುವ ಗಾಜಿನ ತುಂಡನ್ನು ಹಾಗೇ ಕತ್ತರಿಸಿ ಕೊಡಲು ಗ್ಯಾರೇಜಿನವರಿಗೆ ಮೊದಲೇ ಹೇಳಿ. ಬಟ್ಟೆಯಲ್ಲಿ ಸುತ್ತಿ, ಬಿಲ್ ಜೊತೆ ಕೌಂಟರಿಗೆ ಒಯ್ಯಿರಿ.