ಬೆಕ್ಕು ಹೊಟ್ಟೆ, ತೊಡೆಯ ಕೂದಲನ್ನೆಲ್ಲ ನೆಕ್ಕಿ ಬೋಳು ಮಾಡಿಕೊಂಡಿದೆ: ಸೂಜಿಯಿಂದ ಮೂರು ವಾರ ಆರಾಮ, ಮತ್ತೆ ಅದೇ ತುರಿಕೆ

ಪ್ರಶ್ನೆ, ಕಲಬುರಗಿಯಿಂದ

ಎಲ್ಲರಿಗೂ ಶರಣು ಶರಣಾರ್ಥಿ. ನಮ್ಮ ಮನೆಯಲ್ಲಿ ಐದು ವರ್ಷದ ಹೆಣ್ಣು ಬೆಕ್ಕಿದೆ, ಹೆಸರು ಚಿನ್ನಿ. ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿದ್ದೇವೆ. ಕಳೆದ ದೀಪಾವಳಿಯ ಹೊತ್ತಿಗೆ ಅದು ಹೊಟ್ಟೆಯ ಕೆಳಭಾಗವನ್ನು ಬಿಡದೆ ನೆಕ್ಕಿಕೊಳ್ಳಲು ಆರಂಭಿಸಿತು. ಬೆಕ್ಕು ಮೈ ನೆಕ್ಕಿಕೊಳ್ಳುವುದು ಸಹಜವೆಂದು ನಾವು ಸುಮ್ಮನಿದ್ದೆವು. ಸಂಕ್ರಾಂತಿ ಬರುವಷ್ಟರಲ್ಲಿ ಹೊಟ್ಟೆ ಮತ್ತು ಹಿಂಗಾಲಿನ ತೊಡೆಗಳ ಒಳಭಾಗ ಪೂರ್ತಿ ಬೋಳಾಗಿತ್ತು. ಈಗ ಬಾಲದ ಬುಡದಲ್ಲಿಯೂ ಕೂದಲು ತೆಳುವಾಗಿದೆ. ಚರ್ಮ ನುಣುಪಾಗಿ ನಸುಗೆಂಪಾಗಿದ್ದು, ಅಲ್ಲಲ್ಲಿ ರಾಗಿ ಕಾಳಿನಷ್ಟು ಸಣ್ಣ ಹೊಪ್ಪಳೆಗಳು ಕೈಗೆ ತಗಲುತ್ತವೆ.

ಹಗಲಿನಲ್ಲಿ ಅದು ಕೂಲರಿನ ಎದುರು ಕೌದಿಯ ಮೇಲೆ ಮಲಗಿರುತ್ತದೆ. ರಾತ್ರಿ ಕರೆಂಟು ಹೋಗಿ ಕೂಲರಿನ ಸದ್ದು ನಿಂತಾಗ, ಕತ್ತಲೆಯಲ್ಲಿ ಅದರ ಒರಟು ನಾಲಿಗೆ ಚರ್ಮದ ಮೇಲೆ ಉಜ್ಜುವ ಸಪ್ಪಳವೊಂದೇ ಕೇಳಿಸುತ್ತಿರುತ್ತದೆ. ಅದನ್ನು ಕೇಳುತ್ತ ನನಗೆ ನಿದ್ದೆ ಬರುವುದಿಲ್ಲ.

ವೈದ್ಯರೊಬ್ಬರು ಇದುವರೆಗೆ ಮೂರು ಬಾರಿ ಸೂಜಿ ಮಾಡಿದ್ದಾರೆ. ಪ್ರತಿ ಬಾರಿಯೂ ಎರಡು ಮೂರು ವಾರ ಆರಾಮವಾಗುತ್ತದೆ, ಬಳಿಕ ಮೊದಲಿನಂತೆಯೇ. ಈಗ ಅವರು ಇದು ಮನಸ್ಸಿನ ಚಡಪಡಿಕೆಯಿಂದ ಬಂದ ರೂಢಿ ಎನ್ನುತ್ತಿದ್ದಾರೆ. ನಾನು ಮೈಯೆಲ್ಲ ಹುಡುಕಿ ನೋಡಿದೆ, ಒಂದು ಚಿಗಟವೂ ಕಾಣಲಿಲ್ಲ. ನಮ್ಮ ಅತ್ತೆಯವರು ಬೇವಿನೆಣ್ಣೆಯಲ್ಲಿ ಕರ್ಪೂರ ಕಲಸಿ ಹಚ್ಚಬೇಕೆಂದು ಹೇಳುತ್ತಿದ್ದಾರೆ. ಹಚ್ಚಬಹುದೇ? ಇಂಥದ್ದನ್ನು ಅನುಭವಿಸಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ, ಯಾದಗಿರಿಯಿಂದ

ಅಕ್ಕಾವರೇ, ಮೊದಲು ಒಂದು ಮಾತು: ಬೇವಿನೆಣ್ಣೆ, ಕರ್ಪೂರ ಎರಡೂ ಬೇಡ. ಹಚ್ಚಿದ್ದನ್ನೆಲ್ಲ ಬೆಕ್ಕು ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ, ಕರ್ಪೂರವಂತೂ ಅದಕ್ಕೆ ವಿಷ. ಅತ್ತೆಯವರಿಗೆ ಸಮಾಧಾನದಿಂದ ತಿಳಿಸಿ ಹೇಳಿ.

"ಒಂದು ಚಿಗಟವೂ ಕಾಣಲಿಲ್ಲ" ಎಂಬ ನಿಮ್ಮ ಮಾತಿನಲ್ಲಿಯೇ ನನಗೆ ಅನುಮಾನವಿದೆ, ಏಕೆಂದರೆ ಎರಡು ವರ್ಷದ ಹಿಂದೆ ನಾನೂ ವೈದ್ಯರ ಮುಂದೆ ಹೀಗೆಯೇ ಹೇಳಿದ್ದೆ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ಬೆಕ್ಕಿಗೆ ಮೈತುಂಬ ಚಿಗಟ ಇರಬೇಕೆಂದಿಲ್ಲ. ನಾಲ್ಕಾರು ಕಡಿತವಾದರೂ ಸಾಕು, ತುರಿಕೆ ದಿನಗಟ್ಟಲೆ ಉಳಿಯುತ್ತದೆ. ಅಷ್ಟೊಂದು ನೆಕ್ಕಿಕೊಳ್ಳುವ ಬೆಕ್ಕು ಮೈಮೇಲಿನ ಚಿಗಟಗಳನ್ನು ತಾನೇ ನುಂಗಿಬಿಡುವುದರಿಂದ ನಮ್ಮ ಕಣ್ಣಿಗೆ ಸಾಕ್ಷಿಯೂ ಸಿಗುವುದಿಲ್ಲ.

ಹೀಗೆ ಮಾಡಿ ನೋಡಿ. ಹೇನು ತೆಗೆಯುವ ಸೀರಣಿಗೆಯಿಂದ ಬಾಲದ ಬುಡ ಮತ್ತು ಕತ್ತಿನ ಹಿಂಭಾಗವನ್ನು ನಿಧಾನವಾಗಿ ಬಾಚಿ, ಹಲ್ಲುಗಳ ನಡುವೆ ಸಿಕ್ಕ ಕರಿಯ ಪುಡಿಯನ್ನು ಒದ್ದೆ ಮಾಡಿದ ಬಿಳಿ ಅರಳೆಯ ಮೇಲೆ ಉದುರಿಸಿ. ಅದು ಬರಿಯ ಧೂಳಾಗಿದ್ದರೆ ಧೂಳಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾಗಿದ್ದರೆ, ಅದು ಹೀರಿ ಹೊರಹಾಕಿದ ರಕ್ತವೇ ಆಗಿರುವುದರಿಂದ, ಒಂದೆರಡು ನಿಮಿಷದಲ್ಲಿ ಪ್ರತಿ ಚುಕ್ಕೆಯ ಸುತ್ತಲೂ ತುಕ್ಕಿನ ಬಣ್ಣದ ಕೆಂಪು ಹರಡುತ್ತದೆ. ನನ್ನ ಬೆಕ್ಕಿನಲ್ಲಿ ಮೂರು ದಿನ ಏನೂ ಸಿಗಲಿಲ್ಲ. ನಾಲ್ಕನೆಯ ದಿನ ಐದು ಚುಕ್ಕೆ ಸಿಕ್ಕವು, ಐದೂ ಕೆಂಪಾದವು. ಆದ್ದರಿಂದ ಒಂದೇ ದಿನ ನೋಡಿ ಕೈಬಿಡಬೇಡಿ.

ಇನ್ನೊಂದು ಸಂಗತಿ ನಮ್ಮ ಭಾಗದ ಮನೆಗಳಿಗೇ ಸೇರಿದ್ದು. ನಿಮ್ಮ ಮನೆಯ ನೆಲವೂ ಶಹಾಬಾದಿ ಫರ್ಸಿಯದೇ ಇರಬೇಕು. ಚಿಗಟದ ತತ್ತಿಗಳು ಬೆಕ್ಕಿನ ಮೈಮೇಲೆ ನಿಲ್ಲದೆ ಉದುರಿ ಫರ್ಸಿಯ ಸಂದುಗಳಲ್ಲಿ, ಕೌದಿಯ ಹೊಲಿಗೆಯ ಮಡಿಕೆಗಳಲ್ಲಿ ಸೇರಿಕೊಳ್ಳುತ್ತವೆ. ಅದರ ಮರಿಹುಳುಗಳು ಬೆಳಕಿಗೆ ಅಂಜುತ್ತವೆ, ಒಣ ಹವೆಯಲ್ಲಿ ಸಾಯುತ್ತವೆ. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದರಿಂದ ಅಂಗಳದಲ್ಲಿ ಅವು ಬದುಕಲಾರವು. ಆದರೆ ನೀರಿನ ಕೂಲರ್ ಇಟ್ಟ ಕೋಣೆ ತಂಪಾಗಿಯೂ ತೇವವಾಗಿಯೂ ಇರುತ್ತದೆ. ಮನುಷ್ಯರಿಗೂ ಬೆಕ್ಕಿಗೂ ಹಿತವಾದ ಆ ಕೋಣೆಯೇ ಚಿಗಟದ ಮರಿಗಳಿಗೂ ಹಿತ. ಈ ಕಾರಣದಿಂದಲೇ ನನ್ನ ಬೆಕ್ಕಿನ ತುರಿಕೆ ಬೇಸಿಗೆಯಲ್ಲಿ ಕಡಿಮೆಯಾಗದೆ ಹೆಚ್ಚಾಗುತ್ತಿತ್ತು ಎಂದು ನಾನು ನಂಬಿದ್ದೇನೆ. ನಾನು ಕೌದಿಗಳನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ನೆನೆಸಿ ಒಗೆದು ಸುಡುಬಿಸಿಲಿನಲ್ಲಿ ಒಣಹಾಕಿದೆ, ಸಂದುಗಳನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿಸಿ ಬಿಳಿ ಸಿಮೆಂಟ್ ತುಂಬಿಸಿದೆ. ಕೀಟನಾಶಕ ಸಿಂಪಡಿಸುವ ಗೋಜಿಗೆ ಹೋಗಲಿಲ್ಲ.

ಉತ್ತರ, ಭಾಲ್ಕಿಯಿಂದ

ನಾನು ಪಶುವೈದ್ಯ. ಬೆಕ್ಕನ್ನು ಕಣ್ಣಿನಿಂದ ನೋಡದೆ ರೋಗದ ಹೆಸರು ಹೇಳುವುದು ಸರಿಯಲ್ಲ; ಆದರೆ ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಹೇಳಬಲ್ಲೆ.

"ಮನಸ್ಸಿನ ರೂಢಿ" ಎಂಬ ತೀರ್ಮಾನ ಕಟ್ಟಕಡೆಗೆ ಬರಬೇಕಾದದ್ದು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಾನಸಿಕ ಕಾರಣದಿಂದಲೇ ಕೂದಲು ಕಳೆದುಕೊಂಡಿವೆ ಎಂದು ಭಾವಿಸಲಾಗಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ, 16 ಬೆಕ್ಕುಗಳಲ್ಲಿ ದೇಹದ ಕಾಯಿಲೆಯೇ ಸಿಕ್ಕಿತು, ಮೂರರಲ್ಲಿ ಎರಡೂ ಕಾರಣಗಳು ಕೂಡಿದ್ದವು, ಬರಿಯ ಮಾನಸಿಕ ಕಾರಣ ಉಳಿದದ್ದು ಎರಡರಲ್ಲಿ ಮಾತ್ರ. ಇದಲ್ಲದೆ ಸೂಜಿಯಿಂದ ಮೂರು ವಾರ ತುರಿಕೆ ನಿಲ್ಲುತ್ತದೆ ಎಂದು ನೀವೇ ಬರೆದಿದ್ದೀರಿ. ಆ ಸೂಜಿ ಸ್ಟೀರಾಯ್ಡ್ ಆಗಿರುವ ಸಂಭವ ಹೆಚ್ಚು, ಮತ್ತು ಸ್ಟೀರಾಯ್ಡಿಗೆ ಬಗ್ಗುವ ನೆಕ್ಕಾಟದ ಹಿಂದೆ ಬಹುಮಟ್ಟಿಗೆ ನಿಜವಾದ ತುರಿಕೆ ಇರುತ್ತದೆ. ಹಾಗೆಂದು ಅದನ್ನೇ ಮತ್ತೆ ಮತ್ತೆ ಹಾಕಿಸುವುದು ಬೇಡ: ಬಹುಕಾಲ ದೇಹದಲ್ಲಿ ಉಳಿಯುವ ಅಂಥ ಸೂಜಿಗಳನ್ನು ಪದೇ ಪದೇ ಕೊಟ್ಟರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರಬಹುದು, ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆಯಲೂ ಆಗುವುದಿಲ್ಲ. ಬೇಕೇ ಬೇಕಾದರೆ, ದಿನದಿನಕ್ಕೆ ಕಡಿಮೆ ಮಾಡುತ್ತ ಹೋಗಬಹುದಾದ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ನೀವು ಕೇಳಿ ಮಾಡಿಸಬೇಕಾದ ಪರೀಕ್ಷೆಗಳು ದುಬಾರಿಯವೇನೂ ಅಲ್ಲ. ಬೋಳಾದ ಜಾಗದ ಅಂಚಿನಿಂದ ಕೆಲವು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ತುದಿ ಮುರಿದಿದ್ದರೆ ಬೆಕ್ಕು ನೆಕ್ಕಿ ಕಡಿದದ್ದು, ತುದಿ ಸಹಜವಾಗಿ ಮೊನಚಾಗಿದ್ದರೆ ಕೂದಲು ತಾನಾಗಿ ಉದುರುತ್ತಿರುವುದು ಎಂದು ತಿಳಿಯುತ್ತದೆ. ಚರ್ಮವನ್ನು ಕೆರೆದು ನುಸಿ ಇದೆಯೇ ಎಂದು ನೋಡಬೇಕು. ಹುಳುಕಡ್ಡಿಗಾಗಿ ಕೂದಲಿನ ಪರೀಕ್ಷೆ ಆಗಲೇಬೇಕು, ಏಕೆಂದರೆ ಅದು ಮನೆಯ ಮಕ್ಕಳಿಗೂ ಅಂಟುತ್ತದೆ ಮತ್ತು ಸ್ಟೀರಾಯ್ಡ್ ಅದನ್ನು ಹೆಚ್ಚಿಸುತ್ತದೆ. ನೆಕ್ಕುವ ಜಾಗ ಹೊಟ್ಟೆಯ ಕೆಳಭಾಗವಾದ್ದರಿಂದ ಚಿನ್ನಿ ಮೂತ್ರ ಮಾಡುವುದನ್ನು ಎರಡು ಮೂರು ದಿನ ಗಮನಿಸಿ. ಪದೇ ಪದೇ ಹೋಗಿ ತಿಣುಕುವುದು ಕಂಡರೆ ಮೂತ್ರಕೋಶದ ನೋವಿಗಾಗಿ ಅಲ್ಲಿ ನೆಕ್ಕುತ್ತಿರಬಹುದು.

ಪರೀಕ್ಷೆಯಲ್ಲಿ ಚಿಗಟ ಸಿಗಲಿ, ಬಿಡಲಿ, ಚಿಗಟದ ಚಿಕಿತ್ಸೆಯನ್ನು ಮೊದಲು ಪೂರ್ತಿ ಮಾಡಿ. ಬೆಕ್ಕಿಗೆಂದೇ ತಯಾರಾದ, ಸೆಲಾಮೆಕ್ಟಿನ್ ಅಥವಾ ಫಿಪ್ರೊನಿಲ್ ಇರುವ, ಕತ್ತಿನ ಹಿಂದೆ ಚರ್ಮದ ಮೇಲೆ ಹನಿಸುವ ಔಷಧವನ್ನು ತೂಕಕ್ಕೆ ತಕ್ಕಂತೆ ವೈದ್ಯರಿಂದ ಬರೆಯಿಸಿಕೊಳ್ಳಿ. ತಿಂಗಳಿಗೊಮ್ಮೆ, ಕನಿಷ್ಠ ಮೂರು ತಿಂಗಳು, ಮನೆಯಲ್ಲಿರುವ ಎಲ್ಲ ಬೆಕ್ಕು ನಾಯಿಗಳಿಗೂ ಆಯಾ ಪ್ರಾಣಿಗೆ ತಕ್ಕ ಔಷಧ ಹಾಕಬೇಕು. ಮೂರು ತಿಂಗಳು ಏಕೆಂದರೆ, ಚಿಗಟದ ಮರಿಹುಳುಗಳು ತಮ್ಮ ಸುತ್ತ ಹೆಣೆದುಕೊಳ್ಳುವ ಕೋಶಗಳ ಒಳಗೆ ಔಷಧ ಇಳಿಯುವುದಿಲ್ಲ; ಅವು ತಿಂಗಳುಗಟ್ಟಲೆ ಕಾದಿದ್ದು ಆಮೇಲೆ ಒಡೆಯುತ್ತವೆ. ಬಹಳಷ್ಟು ಜನ ಒಂದು ತಿಂಗಳು ಹಾಕಿ "ಪ್ರಯೋಜನವಾಗಲಿಲ್ಲ" ಎಂದು ನಿಲ್ಲಿಸಿಬಿಡುವುದು ಇಲ್ಲಿಯೇ.

ಉತ್ತರ, ಶಹಾಪುರದಿಂದ

ಮೇಲಿನವರು "ಬೆಕ್ಕಿಗೆಂದೇ ತಯಾರಾದ" ಎಂದು ಬರೆದದ್ದನ್ನು ದಯಮಾಡಿ ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕಳೆದ ವರ್ಷ ನಾನು ಔಷಧದ ಅಂಗಡಿಯಲ್ಲಿ ಚಿಗಟಕ್ಕೆ ಔಷಧ ಕೇಳಿದಾಗ ನಾಯಿಗೆ ಹಾಕುವ ಹನಿ ಔಷಧವನ್ನು ಕೊಟ್ಟು, ಅರ್ಧ ಹಾಕಿದರೆ ಸಾಕು ಎಂದರು. ನಾನು ನಂಬಿದೆ. ಸಂಜೆ ಏಳು ಗಂಟೆಗೆ ಹಾಕಿದೆ; ಹತ್ತು ಗಂಟೆಯ ಹೊತ್ತಿಗೆ ನನ್ನ ಬೆಕ್ಕಿನ ಕಿವಿಗಳು ಅದುರತೊಡಗಿ, ಬಳಿಕ ಇಡೀ ಮೈ ನಡುಗಿ, ನಿಲ್ಲಲಾರದೆ ಬಿದ್ದಿತು. ಆ ಔಷಧದಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇತ್ತು. ಬೆಕ್ಕಿನ ಯಕೃತ್ತಿಗೆ ಅದನ್ನು ಒಡೆದು ಹೊರಹಾಕುವ ಶಕ್ತಿ ಇಲ್ಲವೆಂದು ನನಗೆ ವೈದ್ಯರು ಆಮೇಲೆ ತಿಳಿಸಿದರು. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಕತ್ತನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡು ರಾತ್ರೋರಾತ್ರಿ ಓಡಿದೆವು. ಎರಡು ದಿನದ ಮೇಲೆ ಬೆಕ್ಕು ಉಳಿಯಿತು. ಡಬ್ಬಿಯ ಮೇಲಿನ ಹೆಸರನ್ನು ಓದದೆ ಹಾಕಿದ್ದು ನನ್ನ ತಪ್ಪು, ನೀವು ಓದಿಯೇ ಹಾಕಿ.

ಪ್ರಶ್ನೆ ಕೇಳಿದವರು, ಮೂರು ದಿನದ ನಂತರ

ಎಲ್ಲ ಹಿರಿಯರಿಗೂ ನನ್ನ ವಂದನೆಗಳು. ಸೀರಣಿಗೆಯಿಂದ ಬಾಚಿ ಅರಳೆಯ ಮೇಲೆ ಉದುರಿಸಿದೆ. ಎರಡನೆಯ ದಿನವೇ ಏಳು ಚುಕ್ಕೆ ಕೆಂಪಾದವು. ನೋಡಿ ದುಃಖವೂ ಆಯಿತು, ಒಂದು ರೀತಿಯ ನೆಮ್ಮದಿಯೂ ಆಯಿತು. ಹುಳುಕಡ್ಡಿ ಮತ್ತು ನುಸಿಯ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಮೂತ್ರ ಸರಿಯಾಗಿದೆ. ಹನಿ ಔಷಧ ಇಂದು ಹಾಕಿಸಿದ್ದೇವೆ. ಒಂದು ವೇಳೆ ಇದರಿಂದ ಪೂರ್ತಿ ಗುಣವಾಗದಿದ್ದರೆ ಆಹಾರದ ಕಡೆ ನೋಡಬೇಕೇ? ನಮ್ಮದು ಸಸ್ಯಾಹಾರಿ ಮನೆ. ಚಿನ್ನಿಗೆ ಪ್ಯಾಕೆಟ್ಟಿನ ಮೀನಿನ ಆಹಾರ ತಂದು ಹಾಕುತ್ತೇವೆ, ಅದರ ಜೊತೆ ಅತ್ತೆಯವರು ದಿನವೂ ಹಾಲಿನಲ್ಲಿ ಜೋಳದ ರೊಟ್ಟಿ ಮುರಿದು ಹಾಕುತ್ತಾರೆ. ಮಾಂಸ ಬೇಯಿಸಿ ಹಾಕುವುದು ನಮ್ಮಿಂದ ಸಾಧ್ಯವಿಲ್ಲ.

ಉತ್ತರ, ಭಾಲ್ಕಿಯಿಂದ

ಮೇಡಂ, ಎರಡನ್ನೂ ಒಟ್ಟಿಗೆ ಆರಂಭಿಸಬೇಡಿ, ಗುಣವಾದರೆ ಯಾವುದರಿಂದ ಎಂಬುದು ತಿಳಿಯದೆ ಹೋಗುತ್ತದೆ. ಚಿಗಟದ ಚಿಕಿತ್ಸೆಗೆ ಎಂಟು ಹತ್ತು ವಾರ ಕೊಡಿ. ಆಮೇಲೂ ತುರಿಕೆ ಉಳಿದರೆ ಆಹಾರ.

ಬೆಕ್ಕುಗಳಲ್ಲಿ ಆಹಾರದ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವುದು ದನದ ಮಾಂಸ, ಮೀನು ಮತ್ತು ಕೋಳಿ. ಅಂದರೆ ಬೆಕ್ಕು ವರ್ಷಾನುಗಟ್ಟಲೆ ತಿಂದು ರೂಢಿಯಾದ ಪದಾರ್ಥಗಳೇ. ರಕ್ತ ಪರೀಕ್ಷೆಯಿಂದ ಇದನ್ನು ನಂಬಿಕೆಯಿಂದ ಹೇಳಲಾಗುವುದಿಲ್ಲ, ಆ ಹಣ ಉಳಿಸಿಕೊಳ್ಳಿ. ಮಾಂಸ ಬೇಯಿಸಬೇಕಾದ ಅಗತ್ಯವೂ ಇಲ್ಲ: ಪ್ರೊಟೀನನ್ನು ಸಣ್ಣ ತುಣುಕುಗಳಾಗಿ ಒಡೆದು, ದೇಹ ಅದನ್ನು ಗುರುತು ಹಿಡಿಯದಂತೆ ತಯಾರಿಸಿದ ಹೈಡ್ರೊಲೈಸ್ಡ್ ಆಹಾರ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಬೆಲೆ ಹೆಚ್ಚು, ಹೇಳಿ ತರಿಸಿಕೊಳ್ಳಬೇಕಾಗಬಹುದು. ಅದೊಂದನ್ನೇ ಎಂಟು ವಾರ ಕೊಡಬೇಕು. ಹಾಲಿಲ್ಲ, ರೊಟ್ಟಿಯಿಲ್ಲ, ಮಕ್ಕಳ ಕೈಯ ಬಿಸ್ಕತ್ತಿಲ್ಲ, ಮಾಳಿಗೆಯ ಮೇಲೆ ಹಲ್ಲಿ ಹಿಡಿಯಲೂ ಬಿಡುವಂತಿಲ್ಲ. ಹಳೆಯ ಆಹಾರವನ್ನು ಮತ್ತೆ ಕೊಟ್ಟಾಗ ಎರಡು ವಾರದೊಳಗೆ ತುರಿಕೆ ಮರಳಿದರೆ ಕಾರಣ ಖಚಿತವಾದಂತೆ. ಒಂದು ಎಚ್ಚರಿಕೆ: ಹೊಸ ಆಹಾರವನ್ನು ಹಳೆಯದರ ಜೊತೆ ಬೆರೆಸುತ್ತ ವಾರದ ಮೇಲೆ ಬದಲಿಸಿ, ಬೆಕ್ಕು ಹಟ ಹಿಡಿದು ಎರಡು ದಿನ ಏನೂ ತಿನ್ನದಿದ್ದರೆ ಯಕೃತ್ತಿಗೆ ಅಪಾಯ, ಉಪವಾಸ ಕೆಡವಿ ಪಳಗಿಸಲು ಹೋಗಬೇಡಿ.

ಅದಕ್ಕೂ ಬಗ್ಗದಿದ್ದರೆ ಧೂಳು, ಪರಾಗದಂಥವುಗಳ ಅಲರ್ಜಿ ಎಂದುಕೊಂಡು ದೇಹದ ಅಲರ್ಜಿಯ ಪ್ರತಿಕ್ರಿಯೆಯನ್ನು ತಗ್ಗಿಸುವ ಸೈಕ್ಲೊಸ್ಪೋರಿನ್‌ನಂಥ ಔಷಧಗಳತ್ತ ಹೋಗಬೇಕಾಗುತ್ತದೆ. ಆ ಹಂತ ಬಂದರೆ ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜಿಗೆ ಒಮ್ಮೆ ಕರೆತನ್ನಿ. 2017ರಿಂದ ಕಲಬುರಗಿಗೂ ಬೀದರಿಗೂ ನೇರ ರೈಲು ಮಾರ್ಗವಿದೆ. ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿ, ಬೆಳಗಿನ ತಂಪಿನಲ್ಲಿಯೇ ಹೊರಡಿ.

ಪ್ರಶ್ನೆ ಕೇಳಿದವರು, ಹತ್ತು ವಾರದ ನಂತರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಮೂರನೆಯ ಬಾರಿಯ ಹನಿ ಔಷಧ ಹಾಕಿ ಎರಡು ವಾರವಾಯಿತು. ಪಡಸಾಲೆಯ ಫರ್ಸಿಯ ಸಂದುಗಳನ್ನು ಮುಚ್ಚಿಸಿದ್ದೇವೆ. ಕೌದಿಗಳನ್ನು ಒಗೆದು ಒಣಹಾಕುವ ಕೆಲಸವನ್ನು ಅತ್ತೆಯವರೇ ಕೈಗೆತ್ತಿಕೊಂಡು, ಒಂದು ವಾರವನ್ನೂ ತಪ್ಪಿಸಲಿಲ್ಲ. ಹೊಟ್ಟೆಯ ಮೇಲೆ ಮೊದಲು ಬೂದುಬಣ್ಣದ ಮಖಮಲ್ಲಿನಂತೆ ಕೂದಲು ಮೂಡಿತು, ಈಗ ಬೆರಳಿಗೆ ಸಿಗುವಷ್ಟು ಬೆಳೆದಿದೆ. ಬಾಲದ ಬುಡ ಪೂರ್ತಿ ತುಂಬಿಕೊಂಡಿದೆ. ಸೂಜಿ ಒಮ್ಮೆಯೂ ಹಾಕಿಸಿಲ್ಲ.

ಎಡ ತೊಡೆಯ ಒಳಗೆ ಒಂದು ರೂಪಾಯಿಯಷ್ಟಗಲದ ಜಾಗವನ್ನು ಮಾತ್ರ ಅದು ಇನ್ನೂ ನೆಕ್ಕುತ್ತದೆ, ಅಲ್ಲಿ ಕೂದಲು ಬಂದಿಲ್ಲ. ಹೈಡ್ರೊಲೈಸ್ಡ್ ಆಹಾರವನ್ನು ಹೇಳಿ ತರಿಸಿದ್ದೇವೆ, ಸೋಮವಾರದಿಂದ ಬೆರೆಸಲು ಆರಂಭಿಸುತ್ತೇವೆ. ಅತ್ತೆಯವರಿಗೆ ಎಂಟು ವಾರ ಚಿನ್ನಿಗೆ ಹಾಲುರೊಟ್ಟಿ ಹಾಕದೆ ಇರುವುದೇ ಕಷ್ಟವಾಗಿದೆ, ಆದರೂ ಒಪ್ಪಿದ್ದಾರೆ. ಏನಾಯಿತೆಂದು ಮತ್ತೆ ಬರೆಯುತ್ತೇನೆ.