ಮಕ್ಕಳ ನಾಟಕ: 1944ರ ಆಮ್‌ಸ್ಟರ್‌ಡ್ಯಾಮ್ ಅಡುಗೆಮನೆ ಹೇಗಿರಬೇಕು?

ಸಾಗರ_ರಂಗಸಜ್ಜಿಕೆ: ಸಾಗರದ ಹೈಸ್ಕೂಲು ಮಕ್ಕಳಿಗೆ 40 ನಿಮಿಷದ ನಾಟಕ. ಜರ್ಮನರ ಹಿಡಿತದಲ್ಲಿದ್ದ ಹಾಲೆಂಡ್, 1944-45ರ ಬರದ ಚಳಿಗಾಲ, ಹತ್ತು ವರ್ಷದ ಹುಡುಗಿ. ‘ಟ್ಯೂಲಿಪ್ ಗೆಡ್ಡೆ ಬೇಯಿಸುತ್ತಾಳೆ’ ಅಂತ ಬರೆದಿದೆ. ಹೇಗೆ, ಯಾವ ಒಲೆಯಲ್ಲಿ? ಕೊನೆಗೆ ವಿಮಾನದಿಂದ ಬ್ರೆಡ್ಡು ಬೀಳುತ್ತದೆ, ಸರಿಯೇ?

ಹಳೇಕಾಗದ: ಗೆಡ್ಡೆಗೆ ಸಣ್ಣ ಈರುಳ್ಳಿ ನಡೆಯುತ್ತದೆ, ಕಂದು ಸಿಪ್ಪೆ ಅದೇ ಥರ. ಆದರೆ ಈರುಳ್ಳಿ ಹೆಚ್ಚಿದ ಹಾಗೆ ಹೆಚ್ಚಬೇಡಿ. ಸಿಪ್ಪೆ ಸುಲಿದು, ಉದ್ದಕ್ಕೆ ಎರಡು ಹೋಳು ಮಾಡಿ, ನಡುವಿನ ಹಳದಿ ಮೊಳಕೆಯನ್ನು ಚಾಕುವಿನ ತುದಿಯಿಂದ ಎಬ್ಬಿ ಬಿಸಾಡಬೇಕು. ಅದನ್ನು ಬಿಟ್ಟರೆ ಹೊಟ್ಟೆ ಕೆಡುತ್ತದೆ. ಹಸಿದ ಮಗು ತಿನ್ನುವುದರಲ್ಲೂ ಆರಿಸಿ ಎಸೆಯುವ ಆ ಕೈಕೆಲಸವೇ ದೃಶ್ಯ, ಮಾತು ಬೇಡ.

ಗ್ಯಾಸು, ಕರೆಂಟು ಅಕ್ಟೋಬರಿನಲ್ಲೇ ನಿಂತಿದ್ದವು. ಉಳಿದದ್ದು ಪುಟ್ಟ ತಗಡಿನ ಒಲೆ. ನಮ್ಮ ಬಚ್ಚಲೊಲೆಗೆ ಕುಂಟೆ ತುರುಕಿ ಎದ್ದುಹೋದ ಹಾಗಲ್ಲ. ಬೆರಳುಗಾತ್ರದ ಚಕ್ಕೆ ಒಂದೊಂದೇ ಹಾಕುತ್ತಿರಬೇಕು, ಮರೆತರೆ ಆರಿತು. ಸೌದೆ ಎಲ್ಲಿಂದ? ಟ್ರಾಮ್ ಹಳಿಗಳ ನಡುವೆ ಹಾಸಿದ್ದ ಮರದ ತುಂಡುಗಳು. ಹಿಡಿದೊಯ್ದ ಯಹೂದಿ ಕುಟುಂಬಗಳ ಖಾಲಿ ಮನೆಗಳ ಮೆಟ್ಟಿಲು, ತೊಲೆ. ಈ ಎರಡನೆಯದನ್ನು ನಾಟಕದಲ್ಲಿ ಮುಚ್ಚಿಡಬೇಡಿ.

ಮಳೆಬೆಟ್ಟ: ಬ್ರೆಡ್ಡಿನ ದೃಶ್ಯ ತಪ್ಪು ಮಾರಾಯ್ರೆ, ಬಹಳ ಕಡೆ ಹೀಗೇ ಕಲಸಿಹೋಗಿದೆ. ಬಿಳಿ ಬ್ರೆಡ್ಡು ಸ್ವೀಡನ್ನಿನಿಂದ ಹಡಗಲ್ಲಿ ಬಂದ ಹಿಟ್ಟಿನದು. ಹಾಲೆಂಡಿನ ಬೇಕರಿಗಳಲ್ಲೇ ಬೇಯಿಸಿ ಫೆಬ್ರವರಿ ಕೊನೆಯಿಂದ ಹಂಚಿದರು. ವಿಮಾನಗಳು ಬಂದದ್ದು ಏಪ್ರಿಲ್ 29ರಿಂದ ಮೇ 8ರವರೆಗೆ. ಹಿಟ್ಟು, ಡಬ್ಬಿ ಊಟ, ಮೊಟ್ಟೆಪುಡಿ, ಚಾಕೊಲೇಟು. ಪ್ಯಾರಾಚೂಟ್ ಇಲ್ಲದೆ ನಾಲ್ಕೈದುನೂರು ಅಡಿ ಎತ್ತರದಿಂದ ಚೀಲಗಳನ್ನೇ ಉದುರಿಸಿದ್ದು, ಎಷ್ಟೋ ಒಡೆದವು. ಬಿದ್ದದ್ದು ಸ್ಕಿಪೋಲ್‌ನಂಥ ಗೊತ್ತುಮಾಡಿದ ಬಯಲುಗಳಲ್ಲಿ. ಕೂಡಿಹಾಕಿ, ವಿಂಗಡಿಸಿ, ಆಮೇಲೆ ರೇಷನ್. ಹುಡುಗಿ ಅಂಗಳದಲ್ಲಿ ನಿಂತು ಲಂಗ ಒಡ್ಡಿ ಹಿಡಿಯುವುದು ಬೇಡ.

ವಾರಕ್ಕೆ 2,200 ಗ್ರಾಂ ಇದ್ದ ಬ್ರೆಡ್ಡು 400 ಗ್ರಾಂಗೆ ಇಳಿದಿತ್ತು. ನಮ್ಮ ಅಂಗಡಿಯ ಒಂದು 400 ಗ್ರಾಂ ಪ್ಯಾಕು ಮೇಜಿನ ಮೇಲಿಟ್ಟು ಏಳು ಪಾಲು ಮಾಡಿಸಿ, ಪ್ರೇಕ್ಷಕರಿಗೆ ಲೆಕ್ಕ ಕಣ್ಣಿಗೇ ಕಾಣುತ್ತದೆ. ಹುಡುಗಿಯ ಜೇಬಿನಲ್ಲಿ ಒಂದು ಚಮಚ ಇರಲಿ. ಗಂಜಿಕೇಂದ್ರದ ಹಂಡೆ ಖಾಲಿಯಾದ ಮೇಲೆ ಮಕ್ಕಳು ಒಳಗೆ ಬಗ್ಗಿ ತಳ ಕೆರೆಯುತ್ತಿದ್ದರು.

ಸಾಗರ_ರಂಗಸಜ್ಜಿಕೆ: ವಿಮಾನ ತೆಗೆದೆ. ಹಾಗಾದರೆ ಮೇ 5ರ ಬಿಡುಗಡೆಯ ಬಾವುಟಕ್ಕೆ ಮುಗಿಸಲೇ?

ಹಳೇಕಾಗದ: ಅಲ್ಲಿಂದ ಇನ್ನೊಂದು ದೃಶ್ಯ ಮುಂದೆ ಹೋಗಿ. ಜರ್ಮನರ ಜೊತೆ ಸೇರಿದ್ದ ಎನ್‌ಎಸ್‌ಬಿ ಪಕ್ಷದವರನ್ನು ಆ ತಿಂಗಳೇ ಹಿಡಿದು ಶಿಬಿರಕ್ಕೆ ಹಾಕಿದರು, ಅವರ ಮಕ್ಕಳಲ್ಲಿ ಅನೇಕರು ಅನಾಥಾಲಯಗಳ ಪಾಲಾದರು. ಶಾಲೆಯಲ್ಲಿ ನಿಮ್ಮ ಹುಡುಗಿಯ ಬೆಂಚಿನಲ್ಲಿ ಪಕ್ಕದ ಜಾಗ ಖಾಲಿ. ಹಾಜರಿ ಕರೆಯುವಾಗ ಆ ಹೆಸರಿಗೆ ಯಾರೂ ‘ಬಂದಿಲ್ಲ’ ಅನ್ನುವುದಿಲ್ಲ. ಮೇಷ್ಟರು ಮುಂದಿನ ಹೆಸರು ಓದುತ್ತಾರೆ.